ಹಳೆ ಲೆನ್ಸ್, ಹೊಸ ಕ್ಯಾಮೆರಾ, ನಡುವೆ ಒಂದು ಅಡಾಪ್ಟರ್: ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಹೀಲಿಯೋಸ್, ಟಾಕುಮಾರ್, ಕ್ಯಾನನ್ ಎಫ್‌ಡಿ, ಮಿನೋಲ್ಟಾ ಎಂಡಿ ಮುಂತಾದ ಹಳೆ ಲೆನ್ಸನ್ನು ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಾಕಿದಾಗ ಚಿತ್ರ ಸರಿ ಬರದಿದ್ದರೆ ಎಲ್ಲರೂ ಮೊದಲು ಬೈಯುವುದು ಲೆನ್ಸನ್ನೇ. ಐವತ್ತು ವರ್ಷದ ಗಾಜು, ಕೆಟ್ಟಿರಲೇಬೇಕು ಎಂಬ ಲೆಕ್ಕ. ಆದರೆ ಎಷ್ಟೋ ಸಲ ತೊಂದರೆ ಕೂತಿರುವುದು ಕ್ಯಾಮೆರಾದ ಮೆನುವಿನಲ್ಲಿ, ಇಲ್ಲವೇ ಅಗ್ಗದ ಅಡಾಪ್ಟರಿನಲ್ಲಿ. ಅದು ಗೊತ್ತಾಗುವ ಮೊದಲೇ ಸ್ಕ್ರೂಡ್ರೈವರ್ ಹಿಡಿದರೆ ಚೆನ್ನಾಗಿದ್ದ ಲೆನ್ಸೂ ಕೆಡುತ್ತದೆ.

ಕ್ಯಾಮೆರಾ, ಅಡಾಪ್ಟರ್, ಲೆನ್ಸ್, ಇವು ಮೂರು ಕೊಂಡಿಗಳು. ಒಂದು ಸಲಕ್ಕೆ ಒಂದು ಕೊಂಡಿಯನ್ನು ಮಾತ್ರ ಬದಲಿಸಿ ನೋಡಿ. ಅದೇ ಅಡಾಪ್ಟರಿನ ಮೇಲೆ ಬೇರೆ ಲೆನ್ಸ್, ಅದೇ ಲೆನ್ಸಿಗೆ ಬೇರೆ ಅಡಾಪ್ಟರ್. ಬೇಕಾಗುವ ಸಾಮಾನು ಕಡಿಮೆ: ಫೋನಿನ ಟಾರ್ಚ್, ಗಾಳಿ ಊದುವ ರಬ್ಬರ್ ಬ್ಲೋವರ್, ಟ್ರೈಪಾಡ್, 0.02 ಮಿ.ಮೀ. ತನಕ ಅಳೆಯುವ ವರ್ನಿಯರ್ ಕ್ಯಾಲಿಪರ್. ಅದೇ ಮೌಂಟಿನ, ಅಂದರೆ ಕ್ಯಾಮೆರಾಕ್ಕೆ ಕೂರುವ ಜೋಡಣೆ ಅದೇ ಇರುವ, ಇನ್ನೊಂದು ಲೆನ್ಸನ್ನು ಗೆಳೆಯರಿಂದ ಒಂದು ದಿನದ ಮಟ್ಟಿಗೆ ಎರವಲು ತಂದರೆ ಅರ್ಧ ಕೆಲಸ ಮುಗಿದಂತೆ.

ಬಟನ್ ಒತ್ತಿದರೂ ಶಟರ್ ಬೀಳುತ್ತಿಲ್ಲ

ಸಾದಾ ಅಡಾಪ್ಟರಿನಲ್ಲಿ ವಿದ್ಯುತ್ ಪಿನ್ನುಗಳಿಲ್ಲ. ಹಾಗಾಗಿ ಕ್ಯಾಮೆರಾ ತನ್ನ ಮೇಲೆ ಲೆನ್ಸೇ ಇಲ್ಲ ಎಂದು ತಿಳಿಯುತ್ತದೆ. ಸೋನಿಯಲ್ಲಿ ‘ರಿಲೀಸ್ ವಿತೌಟ್ ಲೆನ್ಸ್’, ಫ್ಯೂಜಿಯಲ್ಲಿ ‘ಶೂಟ್ ವಿತೌಟ್ ಲೆನ್ಸ್’, ಬೇರೆ ಕಂಪನಿಗಳಲ್ಲಿ ಇದೇ ಅರ್ಥದ ಇನ್ನೊಂದು ಹೆಸರು ಇರುತ್ತದೆ. ಅದನ್ನು ಆನ್ ಮಾಡಿ, ಡಯಲ್ಲನ್ನು ಎ (ಅಪರ್ಚರ್ ನಮ್ಮದು) ಅಥವಾ ಎಂ (ಎಲ್ಲವೂ ನಮ್ಮದು) ಮೋಡಿಗೆ ತಿರುಗಿಸಿ. ಪರದೆಯ ಮೇಲೆ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಸಂಖ್ಯೆಯ ಜಾಗದಲ್ಲಿ ಸೊನ್ನೆಯೋ ಅಡ್ಡಗೆರೆಯೋ ಕಾಣಿಸಿದರೆ ಗಾಬರಿ ಬೇಡ, ಅದು ಹಾಗೆಯೇ ಇರಬೇಕು.

ಮೆನುವಿನಿಂದ ಹೊರಬರುವ ಮೊದಲು ಇನ್ನೊಂದು ಕೆಲಸ. ಕ್ಯಾಮೆರಾದ ಒಳಗೇ ಕೈನಡುಕ ತಗ್ಗಿಸುವ ಸ್ಥಿರೀಕರಣ ಇದ್ದರೆ ಫೋಕಲ್ ಲೆಂತನ್ನು ಕೈಯಾರೆ ತುಂಬಿಸಿ. ನಿನ್ನೆ 28 ಮಿ.ಮೀ. ಲೆನ್ಸಿಗೆ ಹಾಕಿದ್ದ ಅಂಕಿ ಇವತ್ತಿನ 135ಕ್ಕೂ ಉಳಿದಿದ್ದರೆ ಚಿತ್ರ ಅಲುಗಿದಂತೆ ಬರುತ್ತದೆ, ಬೈಗುಳ ಲೆನ್ಸಿಗೆ ಬೀಳುತ್ತದೆ. ತುಂಬಬೇಕಾದದ್ದು ಲೆನ್ಸಿನ ಮೇಲೆ ಬರೆದಿರುವ ಅಂಕಿ. ಕ್ರಾಪ್ ಸೆನ್ಸರಿನ (ಫುಲ್ ಫ್ರೇಮ್, ಅಂದರೆ 35 ಮಿ.ಮೀ. ಫಿಲ್ಮಿನ ಅಳತೆಗಿಂತ ಚಿಕ್ಕ ಸೆನ್ಸರಿನ) ಗುಣಾಕಾರ ಬೇಡ. 0.71 ಪಟ್ಟಿನ ಫೋಕಲ್ ರೆಡ್ಯೂಸರ್ (ಫೋಕಲ್ ಲೆಂತ್ ತಗ್ಗಿಸುವ, ಗಾಜಿರುವ ಅಡಾಪ್ಟರ್) ನಡುವೆ ಇದ್ದರೆ ಮಾತ್ರ ಅದರಿಂದ ಗುಣಿಸಿ: 58 ಮಿ.ಮೀ. ಲೆನ್ಸಿಗೆ 41.

ಹತ್ತಿರದ್ದು ಚೊಕ್ಕ, ದೂರದ ಗುಡ್ಡ ಮಾತ್ರ ಫೋಕಸ್ಸಿಗೆ ಬರುತ್ತಿಲ್ಲ

ಹೆಚ್ಚು ಜನ ಕೇಳುವುದು ಇದನ್ನೇ. ಲೆಕ್ಕ ಹಾಕಿ ಕಂಡುಹಿಡಿಯಬಹುದಾದ ದೋಷವೂ ಇದೇ.

ಪ್ರತಿ ಮೌಂಟಿಗೂ ಲೆನ್ಸ್ ಕೂರುವ ಅಂಚಿನಿಂದ ಫಿಲ್ಮ್ ಅಥವಾ ಸೆನ್ಸರಿನವರೆಗೆ ಒಂದು ನಿಗದಿತ ದೂರವಿದೆ. 42 ಮಿ.ಮೀ. ಅಗಲದ ತಿರುಪಿನ ಮೌಂಟಾದ ಎಂ42ಕ್ಕೆ 45.46 ಮಿ.ಮೀ., ಪೆಂಟ್ಯಾಕ್ಸ್ ಕೆಗೂ ಅಷ್ಟೇ. ನಿಕಾನ್ ಎಫ್ 46.5, ಒಲಿಂಪಸ್ ಓಎಂ 46, ಮಿನೋಲ್ಟಾ ಎಂಡಿ 43.5, ಕ್ಯಾನನ್ ಎಫ್‌ಡಿ 42. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೋನಿ ಇ 18, ಫ್ಯೂಜಿ ಎಕ್ಸ್ 17.7, ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20. ಎರಡರ ವ್ಯತ್ಯಾಸವೇ ಅಡಾಪ್ಟರಿನ ದಪ್ಪ. ಎಂ42ರಿಂದ ಸೋನಿಗೆ 27.46 ಮಿ.ಮೀ. ಇರಬೇಕು, ಎಫ್‌ಡಿಯಿಂದ ಸೋನಿಗೆ 24. ದಪ್ಪ ಕೂದಲೆಳೆಯಷ್ಟು ಹೆಚ್ಚಾದರೂ ಲೆನ್ಸ್ ದೂರವನ್ನು ಮುಟ್ಟುವುದಿಲ್ಲ.

ಹೆಚ್ಚಾಗಿರುವುದು ಎಷ್ಟೆಂದು ತಿಳಿಯಲು ಒಂದು ಸರಳ ಲೆಕ್ಕವಿದೆ. ಲೆನ್ಸನ್ನು ಪೂರ್ತಿ ತೆರೆದು, ಫೋಕಸ್ ರಿಂಗನ್ನು ಇನ್ಫಿನಿಟಿ (ಅತಿ ದೂರ, ∞) ಗುರುತಿಗೆ ತಾಗುವಂತೆ ಇಡಿ. ಪರದೆಯನ್ನು ಹಿಗ್ಗಿಸಿ, ಎಷ್ಟು ದೂರದ ವಸ್ತು ಅತ್ಯಂತ ಚೂಪಾಗಿದೆ ಎಂದು ನೋಡಿ. ಫೋಕಲ್ ಲೆಂತಿನ ವರ್ಗವನ್ನು ಆ ದೂರದಿಂದ ಭಾಗಿಸಿದರೆ, ಎಲ್ಲವನ್ನೂ ಮಿಲಿಮೀಟರಿನಲ್ಲೇ ಹಿಡಿದು, ಹೆಚ್ಚುವರಿ ದಪ್ಪ ಹೆಚ್ಚು ಕಡಿಮೆ ಸಿಗುತ್ತದೆ. 50 ಮಿ.ಮೀ. ಲೆನ್ಸ್ 25 ಮೀಟರಿನಲ್ಲಿ ನಿಂತುಹೋದರೆ 2500 ಭಾಗಿಸು 25,000, ಅಂದರೆ 0.1 ಮಿ.ಮೀ. ಅದೇ 0.1 ಮಿ.ಮೀ. ತಪ್ಪು 28 ಮಿ.ಮೀ. ಲೆನ್ಸನ್ನು ಎಂಟು ಮೀಟರಿನ ಒಳಗೇ ಕಟ್ಟಿಹಾಕುತ್ತದೆ. 135ರಲ್ಲಿ 180 ಮೀಟರ್ ದಾಟುವುದರಿಂದ ಗೊತ್ತೇ ಆಗದಿರಬಹುದು. ‘ಟೆಲಿ ಚೆನ್ನಾಗಿದೆ, ವೈಡ್ ಲೆನ್ಸ್ ಮಾತ್ರ ಕೆಟ್ಟಿದೆ’ ಎಂಬ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಈ ಅಡಾಪ್ಟರೇ.

ಮುಂದಿನ ಹೆಜ್ಜೆ, ಅದೇ ಅಡಾಪ್ಟರಿಗೆ ಇನ್ನೊಂದು ಲೆನ್ಸ್ ಹಾಕುವುದು. ಎರಡರಲ್ಲೂ ಲೆಕ್ಕ ಒಂದೇ ಹೆಚ್ಚುವರಿ ದಪ್ಪ ತೋರಿಸಿದರೆ ಅಡಾಪ್ಟರಿನದೇ ತಪ್ಪು. ಬೇರೆ ತನ್ನಿ. ಉಜ್ಜಿ ತೆಳುವಾಗಿಸಲು ಹೋಗಬೇಡಿ: ಕೈಯಿಂದ ಉಜ್ಜಿದ ಅಂಚು ಸಮತಟ್ಟಾಗಿ ಉಳಿಯುವುದಿಲ್ಲ, ಅಲ್ಯೂಮಿನಿಯಂ ಪುಡಿ ಕೊನೆಗೆ ಸೇರುವುದು ಸೆನ್ಸರಿನ ಮೇಲೆ. ಒಂದೇ ಲೆನ್ಸಿನಲ್ಲಿ ತೊಂದರೆಯಿದ್ದರೆ ಹಿಂದೆ ಯಾರೋ ಅದನ್ನು ಬಿಚ್ಚಿ ತಪ್ಪಾಗಿ ಜೋಡಿಸಿರಬಹುದು. ಹಲವು ಲೆನ್ಸುಗಳಲ್ಲಿ ಫೋಕಸ್ ರಿಂಗನ್ನು ಹಿಡಿದಿರುವ ಮೂರು ಸಣ್ಣ ಸ್ಕ್ರೂ ಸಡಿಲಿಸಿ, ದೂರದ ವಸ್ತು ಚೊಕ್ಕವಾಗುವಲ್ಲಿ ರಿಂಗನ್ನು ಇನ್ಫಿನಿಟಿಗೆ ತಂದು ಮತ್ತೆ ಬಿಗಿಯುವಷ್ಟೇ ಕೆಲಸ.

ಇಲ್ಲಿ ಎರಡು ಬಲೆಗಳಿವೆ. ಎಂ39 ತಿರುಪಿನ ಲೆನ್ಸುಗಳಲ್ಲಿ ನೋಡಲು ಒಂದೇ ತರಹದ ಎರಡು ಜಾತಿ. ಲೈಕಾ, ಜೋರ್ಕಿ, ಫೆಡ್ ರೇಂಜ್‌ಫೈಂಡರುಗಳದ್ದು (ಒಳಗೆ ಕನ್ನಡಿಯಿಲ್ಲದ ಹಳೆ ಫಿಲ್ಮ್ ಕ್ಯಾಮೆರಾಗಳು) 28.8 ಮಿ.ಮೀ., ಮೊದಲ ಕಾಲದ ಜೆನಿತ್ ಎಸ್‌ಎಲ್‌ಆರ್‌ಗಳದ್ದು 45.2. ಜೆನಿತ್ ಲೆನ್ಸನ್ನು ಲೈಕಾ ಅಡಾಪ್ಟರಿಗೆ ತಿರುಗಿಸಿದರೆ ಹತ್ತಿರ, ದೂರ ಯಾವುದೂ ಫೋಕಸ್ ಆಗುವುದಿಲ್ಲ. ಉಲ್ಟಾ ಮಾಡಿದರೆ ಮೂತಿಯ ಮುಂದಿನ ಒಂದೆರಡು ಗೇಣು ಮಾತ್ರ ಕಾಣುತ್ತದೆ. ಎರಡನೆಯದು, ಜೆನಿತ್‌ನ ಎಂ39 ಲೆನ್ಸಿಗೆ 39ರಿಂದ 42ಕ್ಕೆ ಹೊಂದಿಸುವ ಬಳೆ ತೊಡಿಸಿ ಎಂ42 ಅಡಾಪ್ಟರಿಗೆ ಹಾಕುವುದು. 0.26 ಮಿ.ಮೀ. ಹೆಚ್ಚಾಗಿ, 58 ಮಿ.ಮೀ. ಹೀಲಿಯೋಸ್ ಸುಮಾರು 13 ಮೀಟರಿಗೆ ನಿಂತುಬಿಡುತ್ತದೆ.

ಇನ್ನು ಇನ್ಫಿನಿಟಿ ಗುರುತಿಗಿಂತ ಸ್ವಲ್ಪ ಮೊದಲೇ ದೂರದ ಗುಡ್ಡ ಚೊಕ್ಕವಾಗಿ, ಆಮೇಲೆ ಮತ್ತೆ ಮಸುಕಾದರೆ ಅಡಾಪ್ಟರ್ ತೆಳ್ಳಗಿದೆ. ತಯಾರಕರು ಬೇಕೆಂದೇ ಹಾಗೆ ಮಾಡುತ್ತಾರೆ. ಜೂಮ್ ಇಲ್ಲದ ಸಾದಾ ಪ್ರೈಮ್ ಲೆನ್ಸಿಗೆ ನಷ್ಟವಿಲ್ಲ. ಹಳೆ ಜೂಮ್ ಲೆನ್ಸಿನಲ್ಲಿ ಮಾತ್ರ ಜೂಮ್ ಮಾಡಿದಾಗಲೆಲ್ಲ ಫೋಕಸ್ ತಪ್ಪುತ್ತದೆ.

ಮಿರರ್ ಇರುವ ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 ಹಾಕಿದವರು ಈ ಯಾವ ಪರೀಕ್ಷೆಯನ್ನೂ ಮಾಡಬೇಕಿಲ್ಲ. 46.5ರ ಮೇಲೆ 45.46 ಕೂರಿಸಲು ಜಾಗವೇ ಇಲ್ಲ. ಗಾಜು ಇರುವ ಅಡಾಪ್ಟರ್ ಹಾಕಿದರೆ ದೂರ ಸಿಗುತ್ತದೆ, ಚಿತ್ರದ ಗುಣ ಇಳಿಯುತ್ತದೆ.

ಅಪರ್ಚರ್ ರಿಂಗ್ ತಿರುಗುತ್ತಿದೆ, ಒಳಗಿನ ಬ್ಲೇಡ್ ಅಲುಗುತ್ತಿಲ್ಲ

ಮೊದಲು ಲೆನ್ಸಿನ ಜಾತಿ ನೋಡಿ. ಹೀಲಿಯೋಸ್ 44-2ರಲ್ಲಿ ಎರಡು ರಿಂಗುಗಳಿವೆ. ಒಂದು ಮಿತಿ ಹಾಕುತ್ತದೆ, ಇನ್ನೊಂದು ಆ ಮಿತಿಯ ತನಕ ಬ್ಲೇಡುಗಳನ್ನು ಮುಚ್ಚಿ ತೆರೆಯುತ್ತದೆ. ಮಿತಿ ಎಫ್/2ರಲ್ಲೇ ಇದ್ದರೆ ಎರಡನೆಯ ರಿಂಗ್ ಎಷ್ಟು ತಿರುಗಿಸಿದರೂ ಏನೂ ಆಗದು. ಮಿತಿಯನ್ನು 16ಕ್ಕೆ ಇಟ್ಟು ಮತ್ತೆ ನೋಡಿ.

ಸ್ವಯಂಚಾಲಿತ ಎಂ42 ಲೆನ್ಸುಗಳ ಹಿಂಬದಿಯಲ್ಲಿ ಒಂದು ಸಣ್ಣ ಪಿನ್ ಇರುತ್ತದೆ. ಅದು ಒಳಗೆ ಒತ್ತಿದಾಗ ಮಾತ್ರ ಬ್ಲೇಡ್ ಮುಚ್ಚುತ್ತದೆ. ಲೆನ್ಸಿನ ಮೇಲೆ ಎ–ಎಂ (ಆಟೋ–ಮ್ಯಾನ್ಯುಯಲ್) ಸ್ವಿಚ್ ಇದ್ದರೆ ಎಂ ಕಡೆಗೆ ತಳ್ಳಿ, ಮುಗಿಯಿತು. ಸ್ವಿಚ್ ಇಲ್ಲದಿದ್ದರೆ, ಒಳಗೆ ಚಾಚಿದ ಅಂಚು ಪಿನ್ನನ್ನು ಒತ್ತಿ ಹಿಡಿಯುವಂಥ ಅಡಾಪ್ಟರೇ ಬೇಕು. ಪರೀಕ್ಷೆ ಸುಲಭ: ಲೆನ್ಸನ್ನು ಕೈಯಲ್ಲಿ ಹಿಡಿದು ರಿಂಗನ್ನು 16ಕ್ಕೆ ಇಟ್ಟು ಬೆರಳಿನಿಂದ ಪಿನ್ ಒತ್ತಿ. ಬ್ಲೇಡ್ ಚಟ್ಟನೆ ಮುಚ್ಚಿದರೆ ಲೆನ್ಸ್ ಆರೋಗ್ಯವಾಗಿದೆ, ತಪ್ಪಿರುವುದು ಅಡಾಪ್ಟರ್. ಇದರ ಉಲ್ಟಾ ತೊಂದರೆಯೂ ಉಂಟು. ಅಂಚು ತೀರಾ ಎತ್ತರವಿದ್ದರೆ ಕೆಲವು ಲೆನ್ಸುಗಳಲ್ಲಿ ಪಿನ್ ಅತಿಯಾಗಿ ಒತ್ತಿ, ಅಪರ್ಚರ್ ರಿಂಗೋ ಫೋಕಸ್ ರಿಂಗೋ ಹಿಡಿದಂತಾಗುತ್ತದೆ. ಅಂಥ ಲೆನ್ಸಿಗೆ ಸ್ವಿಚ್ ಇದ್ದರೆ ಅಂಚಿಲ್ಲದ ಅಡಾಪ್ಟರ್ ಸಾಕು.

ಕ್ಯಾನನ್ ಎಫ್‌ಡಿ ಕೊಳ್ಳುವವರು ಮೋಸ ಹೋಗುವುದು, ಅಥವಾ ಒಳ್ಳೆ ಲೆನ್ಸನ್ನು ಬಿಟ್ಟು ಬರುವುದು ಇಲ್ಲೇ. ಎಫ್‌ಡಿ ಲೆನ್ಸನ್ನು ಬರಿಗೈಯಲ್ಲಿ ಹಿಡಿದು ಅಪರ್ಚರ್ ರಿಂಗ್ ತಿರುಗಿಸಿದರೆ ಬ್ಲೇಡ್ ಚಲಿಸದು, ಅದರ ರಚನೆಯೇ ಹಾಗೆ. ಅಡಾಪ್ಟರಿನ ಮೇಲೆ ಲಾಕ್–ಓಪನ್ ಎಂದಿರುವ ಬಳೆಯಿದೆ. ಲೆನ್ಸಿನ ಅಪರ್ಚರ್ ರಿಂಗನ್ನು ಎ ಸ್ಥಾನದಿಂದ ಹೊರತಂದು, ಲೆನ್ಸ್ ಕೂರಿಸಿದ ಮೇಲೆ ಬಳೆಯನ್ನು ಲಾಕ್ ಕಡೆಗೆ ತಿರುಗಿಸಿದಾಗಲೇ ಲೆನ್ಸಿನ ಹಿಂಬದಿಯ ಸನ್ನೆ (ಲಿವರ್) ಅಡಾಪ್ಟರಿನ ಪಿನ್ನಿಗೆ ಸಿಕ್ಕಿ ಅಪರ್ಚರ್ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಆದ ಮೇಲೂ ಬ್ಲೇಡ್ ನಿಧಾನವಾಗಿ ತೆವಳಿದರೆ, ಅಥವಾ ಅರ್ಧಕ್ಕೆ ನಿಂತರೆ, ಟಾರ್ಚ್ ಬಿಟ್ಟು ನೋಡಿ. ಬ್ಲೇಡಿನ ಮೇಲೆ ಒದ್ದೆ ಹೊಳಪು ಕಂಡರೆ ಫೋಕಸ್ ತಿರುಪಿನ ಗ್ರೀಸಿನಿಂದ ಬೇರ್ಪಟ್ಟ ಎಣ್ಣೆ ಅಲ್ಲಿಗೆ ಇಳಿದಿದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟ ಲೆನ್ಸಿಗೆ ಇದು ಬೇಗ ಬರುತ್ತದೆ. ಕೈಯಿಂದಲೇ ಮುಚ್ಚುವ 44-2ರಂಥ ಲೆನ್ಸಿನಲ್ಲಿ ತೆಳು ಜಿಡ್ಡಿನಿಂದ ಬಳಕೆಗೆ ತೊಂದರೆಯಿಲ್ಲ, ಹಾಗೇ ಬಳಸಿ. ಅಂಟಿಕೊಂಡ ಬ್ಲೇಡನ್ನು ಮಾತ್ರ ರಿಂಗ್ ಜೋರಾಗಿ ತಿರುಗಿಸಿ ಬಿಡಿಸಬೇಡಿ. ಕಾಗದದಷ್ಟು ತೆಳು ತಗಡು, ಅದರ ಮೊಳೆ ಕಿತ್ತರೆ ದುರಸ್ತಿಯ ಮಾತೇ ಇಲ್ಲ. ಲೈಟರಿಗೆ ಹಾಕುವ ಬಿಳಿ ಪೆಟ್ರೋಲನ್ನು ಮುಂದಿನಿಂದ ಸುರಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಎಣ್ಣೆಯನ್ನು ಕರಗಿಸಿ ಗಾಜಿನ ಮೇಲೆ ಹರಡುತ್ತದೆ, ಜೊತೆಗೆ ಬೆಂಕಿಯ ಅಪಾಯ. ಇದು ಬಿಚ್ಚಿ ತೊಳೆಯುವ ಕೆಲಸ, ತಂತ್ರಜ್ಞರಿಗೆ ಬಿಡಿ.

ಚಿತ್ರ ಬಿಳಿಚಿಕೊಂಡಿದೆ, ಕಪ್ಪು ಕಪ್ಪಾಗಿಲ್ಲ

ಖರ್ಚಿಲ್ಲದ ಪರೀಕ್ಷೆ ಮೊದಲು. ಲೆನ್ಸಿನ ಮೇಲೆ ಅಂಗೈಯಿಂದ ನೆರಳು ಮಾಡಿ ಇನ್ನೊಂದು ಚಿತ್ರ ತೆಗೆಯಿರಿ. ಸರಿಹೋದರೆ ಬೇಕಿರುವುದು ಲೆನ್ಸಿನ ಮುಂದೆ ನೆರಳು ಮಾಡುವ ಒಂದು ಹುಡ್ ಅಷ್ಟೇ. ಒಂದೇ ಪದರದ ಲೇಪನದ ಕಾಲದ ಲೆನ್ಸುಗಳು ಎದುರು ಬೆಳಕಿಗೆ ಬಿಳಿಚುವುದು ಸಹಜ. ಪೂರ್ತಿ ತೆರೆದಾಗ ಕಾಣುವ ಮೆದು ಹೊಳಪು, ಹೀಲಿಯೋಸಿನ ಸುರುಳಿ ಹಿನ್ನೆಲೆ ಇವೂ ದೋಷಗಳಲ್ಲ. ಅದಕ್ಕೇ ಜನ ಆ ಲೆನ್ಸ್ ಹುಡುಕುವುದು.

ಅಪರ್ಚರ್ ಕಿರಿದು ಮಾಡಿದಂತೆ ಚಿತ್ರದ ನಡುವೆ ಬಿಳಿ ಮಚ್ಚೆ ಎದ್ದು ಕಾಣುತ್ತದೆಯೇ? ಆಗ ಅಡಾಪ್ಟರಿನ ಒಳಗೋಡೆಯನ್ನು ಶಂಕಿಸಿ. ಅಡಾಪ್ಟರನ್ನು ಕಿಟಕಿಯತ್ತ ಹಿಡಿದು ಓರೆಯಾಗಿ ನೋಡಿದರೆ ಒಳಗೆ ಹೊಳೆಯುವ ಉಂಗುರ ಕಾಣುತ್ತದೆ. ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದರೆ ಅಥವಾ ಮಖಮಲ್ಲಿನಂಥ ಕಪ್ಪು ಅಂಟುಹಾಳೆ ಹಾಕಿದರೆ ಆಯಿತು. ಲೋಹಕ್ಕೆ ಲೋಹ ತಾಗುವ ಅಂಚಿಗೆ ಬಣ್ಣ ತಾಗಿಸಬೇಡಿ. ದಪ್ಪದ ಲೆಕ್ಕ ಅಲ್ಲಿಗೇ ಕೆಡುತ್ತದೆ.

ಎರಡೂ ಅಲ್ಲವಾದರೆ ಗಾಜು ನೋಡುವ ಸಮಯ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಕತ್ತಲ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಬಿಡಿ ಬಿಡಿ ಚುಕ್ಕೆಗಳು ಧೂಳು. ಹತ್ತಿಪ್ಪತ್ತು ಇದ್ದರೂ ಚಿತ್ರಕ್ಕೆ ತಾಗುವುದಿಲ್ಲ. ಇಡೀ ಗಾಜಿನ ಮೇಲೆ ಉಸಿರು ಬಿಟ್ಟಂಥ ಸಮ ಮಬ್ಬು ಇದ್ದರೆ ಅದು ಎಣ್ಣೆಯ ಆವಿ, ಬಿಚ್ಚಿದರೆ ಸಾಮಾನ್ಯವಾಗಿ ಒರೆಸಿ ಹೋಗುತ್ತದೆ. ಜೇಡರ ಬಲೆಯಂತೆ, ಬೇರಿನಂತೆ ಕವಲೊಡೆದ ಎಳೆಗಳು ಫಂಗಸ್, ಅಂದರೆ ಬೂಷ್ಟು. ಅಂಚಿನಿಂದ ಒಳಗೆ ಹಬ್ಬುವ ಕಾಮನಬಿಲ್ಲಿನ ಬಣ್ಣವೋ ಗುಳ್ಳೆಯೋ ಇದ್ದರೆ ಎರಡು ಗಾಜುಗಳನ್ನು ಸೇರಿಸಿದ ಅಂಟು ಬಿಟ್ಟಿದೆ. ಅದರ ದುರಸ್ತಿ ಖರ್ಚು ಸಾಮಾನ್ಯ ಲೆನ್ಸಿನ ಬೆಲೆಯನ್ನೇ ಮೀರುವುದರಿಂದ ಕೊಳ್ಳದೆ ಬಿಡುವುದು ಜಾಣತನ.

ಫಂಗಸ್ಸಿನ ವಿಷಯದಲ್ಲಿ ಕರಾವಳಿ, ಮಲೆನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ. ಜೂನ್‌ನಲ್ಲಿ ಚರ್ಮದ ಚೀಲದೊಳಗೆ ಇಟ್ಟ ಲೆನ್ಸ್ ಸೆಪ್ಟೆಂಬರಿನಲ್ಲಿ ತೆಗೆದಾಗ ಹೇಗಿರುತ್ತದೆಂದು ಅವರಿಗೆ ಗೊತ್ತು. ಹಳೆ ಚರ್ಮದ ಕೇಸನ್ನು ಷೋಕಿಗೆ ಬೇರೆ ಇಡಿ. ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ಮಾಪಕದ ಜೊತೆ 40–50 ಶೇಕಡಾದಲ್ಲಿ ಇಡಿ. ಅದಕ್ಕಿಂತ ಬಹಳ ಕೆಳಗೆ ಒಣಗಿಸಿದರೆ ಗ್ರೀಸಿಗೆ ಒಳ್ಳೆಯದಲ್ಲ. ಹೊರಗಿನ ಗಾಜಿನ ಮೇಲೆ ಮಾತ್ರ ಎಳೆಗಳಿದ್ದರೆ ಮೊದಲು ಬ್ಲೋವರಿನಿಂದ ಧೂಳು ಹಾರಿಸಿ, ಲೆನ್ಸ್ ಕಾಗದಕ್ಕೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ತಾಗಿಸಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ದ್ರವವನ್ನು ಗಾಜಿನ ಮೇಲೆ ನೇರ ಹಾಕಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಎಳೆ ಹೋಗಿ ಅದೇ ಆಕಾರದ ಕಲೆ ಉಳಿದರೆ ಲೇಪನ ತಿಂದುಹೋಗಿದೆ. ಇನ್ನು ಉಜ್ಜಿ ಪ್ರಯೋಜನವಿಲ್ಲ. ಒಳಗಿನ ಗಾಜಿನಲ್ಲಿದ್ದರೆ ಅಲ್ಲಿಗೆ ನಿಲ್ಲಿಸಿ. ಬಿಸಿಲಿಗಿಡುವ ಮನೆಮದ್ದು ಎಳೆಗಳನ್ನು ತೆಗೆಯುವುದಿಲ್ಲ, ಕಿಟಕಿಯ ಪರದೆಗೆ ಬೆಂಕಿ ಹಚ್ಚಬಲ್ಲದು. ಮುಚ್ಚಳ ತೆಗೆದ ಲೆನ್ಸ್ ಅಂದರೆ ಭೂತಗನ್ನಡಿ ಎಂಬುದು ನೆನಪಿರಲಿ. ತೆರೆದ ಅಪರ್ಚರಿನ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಸೂರ್ಯನತ್ತ ಮುಖಮಾಡಿ ಮೇಜಿನ ಮೇಲೆ ಬಿಟ್ಟರೆ ಸುಡುವುದು ಸೆನ್ಸರ್ ಅಥವಾ ಶಟರ್ ಪರದೆ.

ಎಲ್ಲ ಚಿತ್ರವೂ ಚಹಾ ಬಣ್ಣ

ಬಿಳಿ ಹಾಳೆಯ ಮೇಲೆ ಲೆನ್ಸ್ ಇಟ್ಟು ಮೇಲಿನಿಂದ ನೋಡಿ. ಗಾಜು ಕಂದು ಹಳದಿಯಾಗಿದ್ದರೆ ಥೋರಿಯಂ ಬೆರೆಸಿದ ಗಾಜಿನ ಲೆನ್ಸ್ ಇರಬಹುದು: ಏಳು ಗಾಜಿನ ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4, ಮುಂದಿನ ಗಾಜು ಒಳಬಾಗಿರುವ ಹಳೆ ಕ್ಯಾನನ್ ಎಫ್‌ಡಿ 35 ಮಿ.ಮೀ. ಎಫ್/2 ಇಂಥವು. ಥೋರಿಯಂನ ವಿಕಿರಣವೇ ವರ್ಷಗಳಲ್ಲಿ ಗಾಜಿಗೆ ಬಣ್ಣ ಹಿಡಿಸುತ್ತದೆ. ಡಿಜಿಟಲ್‌ನಲ್ಲಿ ವೈಟ್ ಬ್ಯಾಲೆನ್ಸ್ ಸರಿಪಡಿಸಿದರೆ ಬಣ್ಣ ನೆಟ್ಟಗಾಗುತ್ತದೆ, ಸ್ವಲ್ಪ ಬೆಳಕು ಮಾತ್ರ ನಷ್ಟ. ತೆಗೆಯಲೇಬೇಕೆಂದರೆ ಅಲ್ಯೂಮಿನಿಯಂ ಹಾಳೆಯ ಮೇಲೆ ಲೆನ್ಸ್ ಇಟ್ಟು ಯುವಿ ಎಲ್‌ಇಡಿ ದೀಪವನ್ನು ಹಲವು ದಿನ ಹಾಯಿಸಿ. ಮಧ್ಯೆ ಮುಟ್ಟಿ ನೋಡಿ, ಬಿಸಿಯಾದರೆ ದೀಪ ದೂರ ಸರಿಸಿ. ಆ ಬೆಳಕನ್ನು ಬರಿಗಣ್ಣಿನಿಂದ ನೋಡಕೂಡದು, ಮಕ್ಕಳಿರುವ ಕೋಣೆ ಬೇಡ. ಇಂಥ ಲೆನ್ಸಿನಿಂದ ಚಿತ್ರ ತೆಗೆಯಲು ಹೆದರಬೇಕಿಲ್ಲ, ಆದರೆ ಗಾಜು ಒಡೆದರೆ ಪುಡಿಯನ್ನು ಕೈಯಿಂದ ಮುಟ್ಟದೆ ಒದ್ದೆ ಕಾಗದದಲ್ಲಿ ಒರೆಸಿ ಕಟ್ಟಿ.

ಒಂದು ಮೂಲೆ ಮಾತ್ರ ಮಸುಕು, ಅಥವಾ ನಾಲ್ಕೂ ಮೂಲೆ ಕಪ್ಪು

ಟ್ರೈಪಾಡ್ ಮೇಲಿಟ್ಟು, ಎಫ್/4ರಲ್ಲಿ, ದೂರದ ಕಟ್ಟಡದ ಸಾಲನ್ನು ತೆಗೆದು ನಾಲ್ಕೂ ಮೂಲೆ ಹೋಲಿಸಿ. ಎಂ42 ಅಡಾಪ್ಟರುಗಳಲ್ಲಿ ಒಳಬಳೆಯನ್ನು ಹಿಡಿದಿರುವ ಮೂರು ಪುಟ್ಟ ಗ್ರಬ್ ಸ್ಕ್ರೂಗಳಿರುತ್ತವೆ (ತಲೆಯಿಲ್ಲದ ಸ್ಕ್ರೂಗಳು). ಅವನ್ನು ಸಡಿಲಿಸಿ ಬಳೆಯನ್ನು ಮೂರನೇ ಒಂದು ಸುತ್ತು ತಿರುಗಿಸಿ ಬಿಗಿದು ಇನ್ನೊಂದು ಚಿತ್ರ ತೆಗೆಯಿರಿ. ಮಸುಕು ಮೂಲೆಯೂ ಜಾಗ ಬದಲಿಸಿದರೆ ಲೆನ್ಸಿನ ಗಾಜು ಓರೆಯಾಗಿದೆ, ಇದ್ದಲ್ಲೇ ಇದ್ದರೆ ಅಡಾಪ್ಟರ್ ಅಥವಾ ಕ್ಯಾಮೆರಾ ಮೌಂಟ್. ಅಡಾಪ್ಟರಿನ ದಪ್ಪವನ್ನು ನಾಲ್ಕು ಕಡೆ ಅಳೆಯಿರಿ. ಅಳತೆಗಳು 0.05 ಮಿ.ಮೀ.ನಷ್ಟು ಏರುಪೇರಾದರೆ ಅದನ್ನು ಬಳಸಬೇಡಿ.

ನಾಲ್ಕೂ ಮೂಲೆಗಳು ಗಡುಸಾಗಿ ಕಪ್ಪಾದರೆ ಅಡಾಪ್ಟರಿನ ಬಾಯಿ ಕಿರಿದು. ಸೋನಿ ನೆಕ್ಸ್ ಕಾಲದ ಕ್ರಾಪ್ ಸೆನ್ಸರಿಗೆ ಮಾಡಿದ್ದನ್ನು ಫುಲ್ ಫ್ರೇಮಿಗೆ ಹಾಕಿದಾಗ ಹೀಗಾಗುತ್ತದೆ. ರೇಂಜ್‌ಫೈಂಡರ್ ವೈಡ್ ಲೆನ್ಸುಗಳ ಅಂಚು ಹರಡಿಕೊಂಡು ನೇರಳೆ ಛಾಯೆ ಬಂದರೆ ಕಾರಣ ಸೆನ್ಸರಿನ ಮೇಲಿನ ದಪ್ಪ ಗಾಜು. ಅದಕ್ಕೆ ಅಡಾಪ್ಟರ್ ಬದಲಿಸಿ ಫಲವಿಲ್ಲ. ಇಂಥ ಲೆನ್ಸುಗಳಲ್ಲಿ ಕೆಲವುದರ, ಉದಾಹರಣೆಗೆ ಜ್ಯೂಪಿಟರ್-12ರ, ಹಿಂದಿನ ಗಾಜು ಬಹಳ ಆಳಕ್ಕೆ ಚಾಚಿರುತ್ತದೆ. ಕ್ಯಾಮೆರಾಕ್ಕೆ ಹಾಕುವ ಮೊದಲು ಚಾಚಿದ ಉದ್ದವನ್ನು ಅಳೆದು, ಒಳಗೆ ಜಾಗವಿದೆಯೇ ನೋಡಿ.

ಫೋಕಸ್ ರಿಂಗ್ ಬಿಗಿ

ಮೊದಲು ಅಡಾಪ್ಟರಿನಿಂದ ಬಿಡಿಸಿ ತಿರುಗಿಸಿ ನೋಡಿ. ಹಗುರವಾದರೆ ಮೇಲೆ ಹೇಳಿದ ಪಿನ್ನಿನ ಕಾಟ. ಆಗಲೂ ಬಿಗಿಯಿದ್ದರೆ ಗ್ರೀಸ್ ಒಣಗಿದೆ. ಕೊನೆಯಿಂದ ಕೊನೆಗೆ ನೂರು ಸಲ ನಿಧಾನವಾಗಿ ತಿರುಗಿಸಿದರೆ ಕೆಲವು ಲೆನ್ಸುಗಳು ಸಡಿಲವಾಗುತ್ತವೆ. ಎಣ್ಣೆ, ಡಬ್ಲ್ಯುಡಿ-40 ಹಾಕಲೇಬೇಡಿ, ಎರಡು ವಾರದಲ್ಲಿ ಬ್ಲೇಡಿನ ಮೇಲಿರುತ್ತದೆ. ಹೊಸ ಗ್ರೀಸ್ ಹಾಕಲು ಫೋಕಸ್ ತಿರುಪನ್ನು ಬೇರ್ಪಡಿಸಬೇಕು. ಅದರಲ್ಲಿ ಒಂದಕ್ಕಿಂತ ಹೆಚ್ಚು ಆರಂಭದ ಎಳೆಗಳಿವೆ, ಎಲ್ಲಿ ಕಳಚಿತೆಂದು ಗುರುತು ಹಾಕದಿದ್ದರೆ ಮತ್ತೆ ಸೇರಿಸಿದಾಗ ಇನ್ಫಿನಿಟಿ ಸಿಗದು. ಜಪಾನಿ ಲೆನ್ಸುಗಳ ಸ್ಕ್ರೂಗೆ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡದ) ತುದಿಯ ಡ್ರೈವರೇ ಬೇಕು, ಮಾಮೂಲಿ ಫಿಲಿಪ್ಸ್ ತಲೆ ತಿಂದುಬಿಡುತ್ತದೆ. ರಿಂಗ್ ಮರಳು ಉಜ್ಜಿದಂತೆ ಸದ್ದು ಮಾಡಿದರೆ ಇನ್ನು ಒಂದು ಸುತ್ತೂ ತಿರುಗಿಸಬೇಡಿ, ಹಾಗೇ ರಿಪೇರಿಗೆ ಕೊಡಿ.

ಲೆನ್ಸ್ ಅಲ್ಲಾಡುತ್ತಿದೆ, ಗುರುತು ಓರೆ, ಅಥವಾ ಕಚ್ಚಿಕೊಂಡಿದೆ

ಅಳತೆಯ ಗುರುತು ಮೇಲೆ ಬರದೆ ಪಕ್ಕಕ್ಕೆ ನಿಂತರೆ ಅದೇ ಮೂರು ಗ್ರಬ್ ಸ್ಕ್ರೂ ಸಡಿಲಿಸಿ ಒಳಬಳೆ ತಿರುಗಿಸಿ. ಅಲ್ಲಾಟ ಲೆನ್ಸ್–ಅಡಾಪ್ಟರ್ ನಡುವೆಯೋ ಅಡಾಪ್ಟರ್–ಕ್ಯಾಮೆರಾ ನಡುವೆಯೋ ಎಂದು ಬೆರಳಿಟ್ಟು ತಿಳಿಯಿರಿ. ಅಡಾಪ್ಟರಿನ ಹಲ್ಲುಗಳಲ್ಲಿ ಸಣ್ಣ ಸೀಳು ಇದ್ದರೆ ಚಪ್ಪಟೆ ಡ್ರೈವರಿನ ತುದಿಯಿಂದ ಅದನ್ನು ಕೂದಲೆಳೆಯಷ್ಟು ಅಗಲಿಸಿದರೆ ಹಿಡಿತ ಬರುತ್ತದೆ. ಈ ಕೆಲಸ ಕ್ಯಾಮೆರಾದಿಂದ ದೂರ ಮಾಡಿ, ಆಮೇಲೆ ಲೋಹದ ಚೂರು ಊದಿ ತೆಗೆಯಿರಿ. ಅರ್ಧ ಕಿಲೋ ದಾಟಿದ ಲೆನ್ಸಾದರೆ ಟ್ರೈಪಾಡಿಗೆ ಕಟ್ಟಬೇಕಾದದ್ದು ಲೆನ್ಸನ್ನು, ಕ್ಯಾಮೆರಾವನ್ನಲ್ಲ.

ಎಂ42 ಲೆನ್ಸ್ ಅಡಾಪ್ಟರಿನಲ್ಲೇ ಕಚ್ಚಿಕೊಂಡರೆ ಮೊದಲು ಗ್ರಬ್ ಸ್ಕ್ರೂಗಳನ್ನು ಬಿಗಿ ಮಾಡಿ, ಇಲ್ಲದಿದ್ದರೆ ಒಳಬಳೆ ಲೆನ್ಸಿನ ಜೊತೆಗೇ ಸುತ್ತುತ್ತದೆ. ಅಡಾಪ್ಟರನ್ನು ಕ್ಯಾಮೆರಾದಿಂದ ತೆಗೆದು, ಎರಡೂ ಕೈಗೆ ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಿಕೊಂಡು, ಲೆನ್ಸಿನ ಬುಡದ ಲೋಹವನ್ನು ಹಿಡಿದು ತಿರುಗಿಸಿ. ಫೋಕಸ್ ರಿಂಗ್ ಹಿಡಿದು ತಿರುಗಿಸಿದರೆ ಬಲವೆಲ್ಲ ಅದರ ತಡೆಮೊಳೆಯ ಮೇಲೆ ಬೀಳುತ್ತದೆ. ಹಾಕುವಾಗಲೇ ಒಂದೆರಡು ಸುತ್ತಿಗೆ ಬಿಗಿದುಕೊಂಡಿದ್ದರೆ ಅದು ಬಹುಶಃ ಎಂ42 ಅಲ್ಲ, ಟಿ2 ಎಂಬ ಇನ್ನೊಂದು ತಿರುಪಿನ ಮೌಂಟ್: ಅಗಲ ಅದೇ 42 ಮಿ.ಮೀ., ತಿರುಪಿನ ಅಂತರ ಮಾತ್ರ 1 ಮಿ.ಮೀ. ಬದಲು 0.75. ಇನ್ನೂ ಒಳಗೆ ಬಿಗಿಯದೆ ಬಂದ ದಾರಿಯಲ್ಲೇ ಹಿಂದಕ್ಕೆ ಬಿಚ್ಚಿ, ಟಿ2 ಅಡಾಪ್ಟರ್ ತನ್ನಿ.